ದೊಡ್ಡಪ್ಪನ ಕಂಪ್ಯೂಟರ್‌ಗೆ ಫಾರ್ಮ್ಯಾಟೇ ಮದ್ದಾ?

ಚಿಕ್ಕಪ್ಪ (ಫಾರ್ವರ್ಡ್): ಹಳೇ ಕಂಪ್ಯೂಟರ್ ಹ್ಯಾಂಗ್ ಆಗುತ್ತಿದೆಯೇ? ಈ ಲಿಂಕ್ ಒತ್ತಿ, ರಿಜಿಸ್ಟ್ರಿ ಕ್ಲೀನರ್ ಹಾಕಿಕೊಳ್ಳಿ, ಹೊಸದರಂತೆ ಓಡುತ್ತದೆ. ಎಲ್ಲರಿಗೂ ಕಳಿಸಿ 🙏

ಚಿಕ್ಕಪ್ಪ: ಅಣ್ಣಾ, ನಿನ್ನ ಕಂಪ್ಯೂಟರ್ ಹ್ಯಾಂಗ್ ಆಗುತ್ತೆ ಅಂದೆಯಲ್ಲ, ನಿನಗೋಸ್ಕರಾನೇ ಹಾಕಿದ್ದು. ಇದರಲ್ಲೂ ಆಗ್ಲಿಲ್ಲ ಅಂದ್ರೆ ಫಾರ್ಮ್ಯಾಟ್ ಹೊಡೆದುಬಿಡು.

ನಾನು: ದೊಡ್ಡಪ್ಪಾ, ದಯವಿಟ್ಟು ಆ ಲಿಂಕ್ ಒತ್ತಬೇಡಿ. ರಿಜಿಸ್ಟ್ರಿ ಅಂದ್ರೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡೋ ಜಾಗ, ಅದನ್ನ ಗುಡಿಸೋ ಕ್ಲೀನರ್‌ಗಳಿಗೆ ನಮ್ಮ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ.

ಚಿಕ್ಕಪ್ಪ: ನನ್ನ ಸ್ನೇಹಿತಂದು ಇದರಿಂದಲೇ ಸರಿಹೋಯ್ತಮ್ಮ.

ನಾನು: ಅವರದ್ದು ಏನು ಕೆಟ್ಟಿತ್ತೋ ನಮಗೆ ಗೊತ್ತಿಲ್ವಲ್ಲ ಚಿಕ್ಕಪ್ಪ. ಇದು ಹೇಗೆ ನಿಲ್ಲುತ್ತೆ ಅಂತ ಮೊದಲು ಕೇಳೋಣ. ದೊಡ್ಡಪ್ಪಾ, ಹ್ಯಾಂಗ್ ಆದಾಗ ಮೌಸ್ ಅಲ್ಲಾಡುತ್ತಾ? ಕ್ಯಾಪ್ಸ್ ಲಾಕ್ ಒತ್ತಿದ್ರೆ ಕೀಬೋರ್ಡಿನ ದೀಪ ಹತ್ತುತ್ತಾ?

ದೊಡ್ಡಪ್ಪ: ಮೌಸೂ ಇಲ್ಲ, ದೀಪವೂ ಇಲ್ಲ ಪುಟ್ಟಿ. ಮಾತಿನ ಒಂದೇ ತುಣುಕು ಗರಗರ ಅಂತ ಸುತ್ತುತ್ತಾ ಇರುತ್ತೆ. ವೀಡಿಯೊ ಹಾಕಿದ ತಕ್ಷಣ ಅಲ್ಲ, ಸ್ವಲ್ಪ ಹೊತ್ತು ಓಡಿದ ಮೇಲೆ. ಪವರ್ ಬಟನ್ ಒತ್ತಿ ಹಿಡಿಯೋದೇ ದಾರಿ.

ನಾನು: ಹಾಗಾದ್ರೆ ಬ್ರೌಸರ್ ಮಾತ್ರ ಅಲ್ಲ, ಇಡೀ ಸಿಸ್ಟಮ್ಮೇ ನಿಂತುಹೋಗ್ತಿದೆ. ಬಿಸಿ, ಗ್ರಾಫಿಕ್ಸ್ ಡ್ರೈವರ್ (ಚಿತ್ರ ತೋರಿಸೋ ಚಿಪ್ಪನ್ನ ನಡೆಸೋ ಸಾಫ್ಟ್‌ವೇರ್), ರ‍್ಯಾಮ್, ಡಿಸ್ಕ್, ಈ ಕಡೆ ನೋಡಬೇಕು. ಬಿಸಿಯಿಂದ ಅಂತಾದ್ರೆ ಫಾರ್ಮ್ಯಾಟ್ ಮಾಡಿ ಏನು ಬಂತು? ಇದ್ದ ಫೋಟೋನೂ ಹೋಗುತ್ತೆ.

ಅತ್ತೆ: 2012ರ ಕಂಪ್ಯೂಟರ್ ಅದು! ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗೀತು, 11ಕ್ಕೆ ಅದು ಅರ್ಹವೇ ಅಲ್ಲ. ಹೊಸದು ತಗೋ ಅಣ್ಣಾ, ಯಾಕೆ ಒದ್ದಾಡ್ತೀಯ?

ದೊಡ್ಡಪ್ಪ: ದಿನವೆಲ್ಲ ಟೈಪ್ ಮಾಡಿದ್ರೂ ಏನೂ ಆಗಲ್ಲ ಕಣೇ. ವೀಡಿಯೊ ಹಾಕಿದ್ರೆ ಮಾತ್ರ.

ನಾನು: ಭದ್ರತೆಗೆ ಅತ್ತೆ ಹೇಳಿದ್ದು ಸರಿ, ಅದರಲ್ಲಿ ಬ್ಯಾಂಕ್ ಕೆಲಸ ಬೇಡ. ಆದ್ರೆ ಸಪೋರ್ಟ್ ಮುಗಿದ ಮಾತ್ರಕ್ಕೆ ಯಾವ ಕಂಪ್ಯೂಟರೂ ಹ್ಯಾಂಗ್ ಆಗಲ್ಲ. ದೊಡ್ಡಪ್ಪ ಈಗ ಹೇಳಿದ್ರಲ್ಲ, ವೀಡಿಯೊಗೆ ಮಾತ್ರ ಅಂತ, ಅದೇ ಸುಳಿವು. ಯೂಟ್ಯೂಬ್ ಈಗ ಹೆಚ್ಚಾಗಿ ವಿಪಿ9, ಎವಿ1 ಕೋಡೆಕ್‌ಗಳಲ್ಲಿ, ಅಂದ್ರೆ ವೀಡಿಯೊ ಕುಗ್ಗಿಸೋ ವಿಧಾನಗಳಲ್ಲಿ, ವೀಡಿಯೊ ಕಳಿಸುತ್ತೆ. ವಿಪಿ9 ಬಂದದ್ದು 2013ರಲ್ಲಿ, ಎವಿ1 ಬಂದದ್ದು 2018ರಲ್ಲಿ. 2012ರ ಗ್ರಾಫಿಕ್ಸ್ ಚಿಪ್‌ಗೆ ಎಚ್.264 ಅನ್ನೋ ಹಳೇ ಕೋಡೆಕ್ ಬಿಡಿಸೋಕೆ ಬರುತ್ತೆ, ಇವೆರಡು ಬರಲ್ಲ. ಆಗ ಅಷ್ಟೂ ಕೆಲಸ ಪ್ರೊಸೆಸರ್ ತಲೆ ಮೇಲೆ. ವೀಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೀರಿ, ಕೋಡೆಕ್ ಅಂತ ಇರೋ ಸಾಲು ಓದಿ. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ಇರಲಿ.

ದೊಡ್ಡಪ್ಪ: ವಿಪಿ09 ಅಂತಿದೆ. ಸಿಪಿಯು (ಪ್ರೊಸೆಸರ್) ಬಳಕೆ ಶೇಕಡಾ 97, 98ರಲ್ಲೇ ನಿಂತಿದೆ. ಫ್ಯಾನ್ ಕೂಗ್ತಿದೆ.

ಚಿಕ್ಕಪ್ಪ: ಬ್ರೌಸರ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್, ಅಂದ್ರೆ ವೀಡಿಯೊ ಕೆಲಸ ಗ್ರಾಫಿಕ್ಸ್ ಚಿಪ್‌ಗೆ ಕೊಡೋದು, ಆಫ್ ಮಾಡು ಅಣ್ಣಾ. ಆಫೀಸಿನ ಹಳೇ ಕಂಪ್ಯೂಟರ್ ಹಾಗೇ ಸರಿಹೋಗಿದ್ದು. ಇದು ಫಾರ್ವರ್ಡ್ ಅಲ್ಲ, ನಾನೇ ಮಾಡಿದ್ದು.

ನಾನು: ಡ್ರೈವರ್ ಕೆಟ್ಟಿದ್ರೆ ಅದು ಕೆಲಸ ಮಾಡಬಹುದು ಚಿಕ್ಕಪ್ಪ. ಡ್ರೈವರ್ ಬಿದ್ದಾಗ ಸಾಮಾನ್ಯವಾಗಿ ಸ್ಕ್ರೀನ್ ಒಮ್ಮೆ ಕಪ್ಪಾಗಿ ವಾಪಸ್ ಬರುತ್ತೆ, ವಿಂಡೋಸ್‌ನ ದಾಖಲೆ ಪುಸ್ತಕ ಈವೆಂಟ್ ವ್ಯೂವರ್‌ನಲ್ಲಿ 4101 ಅಂತ ದಾಖಲಾಗುತ್ತೆ. ದೊಡ್ಡಪ್ಪ ನನಗೆ ಕಳಿಸಿದ ಅದರ ಫೋಟೋದಲ್ಲಿ ಬರೀ 41 ಇದೆ. ಸರಿಯಾಗಿ ಶಟ್‌ಡೌನ್ ಆಗದೆ ಪವರ್ ಹೋಯ್ತು ಅನ್ನೋದಷ್ಟೇ ಅದರ ಅರ್ಥ, ಬಟನ್ ಒತ್ತಿ ಹಿಡಿದ್ರೂ ಅದೇ ಬರುತ್ತೆ. ಆಕ್ಸಲರೇಶನ್ ತೆಗೆದ್ರೆ ಎಚ್.264 ಕೂಡ ಪ್ರೊಸೆಸರ್ ಮೇಲೇ ಬೀಳುತ್ತೆ, ಬಿಸಿ ಇನ್ನೂ ಏರುತ್ತೆ. ಅದನ್ನ ಕೊನೆಗೆ ನೋಡೋಣ. ದೊಡ್ಡಪ್ಪಾ, ಮೊದಲು ಯೂಟ್ಯೂಬ್ ಎಚ್.264ನ್ನೇ ಕಳಿಸೋ ಹಾಗೆ ಮಾಡೋ ಎಕ್ಸ್‌ಟೆನ್ಶನ್ ಒಂದೇ ಹಾಕಿ. ಬೇರೇನೂ ಮುಟ್ಟಬೇಡಿ, ಇಲ್ಲಾಂದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ದೊಡ್ಡಪ್ಪ: ಹಾಕಿದೆ. ಈಗ ಎವಿಸಿ1 (ಅದೇ ಎಚ್.264) ಅಂತಿದೆ, ಸಿಪಿಯು ಶೇಕಡಾ 30ರ ಆಸುಪಾಸು. ತುಂಬಾ ಹೊತ್ತು ಓಡ್ತು, ಆದ್ರೆ ಕೊನೆಗೆ ಮತ್ತೆ ನಿಂತಿತು.

ಅತ್ತೆ: ನಾನು ಹೇಳಲಿಲ್ವಾ?

ನಾನು: ತುಂಬಾ ಹೊತ್ತು ಓಡ್ತಲ್ಲ ಅತ್ತೆ! ಭಾರ ಇಳಿದ ಹಾಗೆ ನಿಲ್ಲೋದು ತಡವಾಯ್ತು ಅಂದ್ರೆ ಬಿಸಿ ಮೇಲೇ ಅನುಮಾನ. ದೊಡ್ಡಪ್ಪಾ, ವೈರ್ ಕಿತ್ತು ಸೈಡ್ ಪ್ಯಾನೆಲ್ ತೆಗೆದು ಒಂದು ಫೋಟೋ ಹಾಕಿ.

ದೊಡ್ಡಪ್ಪ: 📷

ನಾನು: ಅಯ್ಯೋ. ಪ್ರೊಸೆಸರ್ ಬಿಸಿ ಹೊರಹಾಕೋ ಹೀಟ್‌ಸಿಂಕಿನ ಸಂದೇ ಕಾಣಿಸ್ತಿಲ್ಲ, ಕಂಬಳಿ ಹೊದ್ದ ಹಾಗೆ ಧೂಳು. ಒಣ ಬ್ರಷ್‌ನಲ್ಲಿ ಬಿಡಿಸಿ, ಗಾಳಿ ಊದುವಾಗ ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡ್ಕೊಳ್ಳಿ. ಪ್ರೊಸೆಸರ್ ಬಿಸಿಯನ್ನ ಹೀಟ್‌ಸಿಂಕಿಗೆ ದಾಟಿಸೋ ಥರ್ಮಲ್ ಪೇಸ್ಟ್ ಇಷ್ಟು ವರ್ಷಕ್ಕೆ ಒಣಗಿರುತ್ತೆ, ಅದನ್ನ ಗೊತ್ತಿರೋರ ಕೈಲಿ ಬದಲಾಯಿಸಿ.

ದೊಡ್ಡಪ್ಪ: ಎರಡೂ ಆಯ್ತು. ನಿನ್ನೆ ರಾತ್ರಿ ಪೂರ್ತಿ ಸಂಗೀತ ಕಛೇರಿ ಕೇಳಿದೆ ಪುಟ್ಟಿ, ಒಂದು ಕಡೆಯೂ ನಿಲ್ಲಲಿಲ್ಲ. ಫ್ಯಾನಿನ ಸದ್ದೇ ಇಲ್ಲ.

ಅತ್ತೆ: ಒಳ್ಳೇದಾಯ್ತು. ಆದ್ರೂ ಫೋಟೋಗಳನ್ನೆಲ್ಲ ಬೇರೆ ಡಿಸ್ಕ್‌ಗೆ ಹಾಕ್ಕೋ ಅಣ್ಣಾ, ಒಳಗಿರೋ ಡಿಸ್ಕ್‌ಗೂ ಅಷ್ಟೇ ವಯಸ್ಸಾಗಿದೆ.

ನಾನು: ಅದನ್ನ ಇವತ್ತೇ ಮಾಡಿ ದೊಡ್ಡಪ್ಪಾ. ಚಿಕ್ಕಪ್ಪಾ, ಆ ಲಿಂಕ್ ತೆಗೀತೀರಾ? ಬೇರೆ ಯಾರಾದ್ರೂ ಒತ್ತಿಬಿಡ್ತಾರೆ.

ಚಿಕ್ಕಪ್ಪ: ‘ಎಲ್ಲರಿಗೂ ಅಳಿಸು’ ಈಗ ಬರ್ತಿಲ್ಲ, ಹಾಕಿ ತುಂಬಾ ದಿನ ಆಯ್ತು. ಗ್ರೂಪ್ ಅಡ್ಮಿನ್ ನೀನೇ ಅಲ್ವಾ, ನಿನಗೆ ತೆಗೆಯೋಕೆ ಆಗುತ್ತಾ ನೋಡು. ಸ್ನೇಹಿತಂದು ಸರಿಹೋಗಿದ್ದಂತೂ ನಿಜ.