ರಿಡಕ್ಷನ್ ಲಿನೊಕಟ್: ಮೂರನೇ ಬಣ್ಣ ಹಿಡಿಯುತ್ತಿಲ್ಲ, ಒಂದು ಬದಿಗೆ ಜರುಗುತ್ತಲೂ ಇದೆ

ತುಂಗೆಯ_ದಡ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ತುಂಗಾ ನದಿಯ ಮೇಲೆ ಒಂದು ಲಿನೊಕಟ್ (ಲಿನೋಲಿಯಂ ಬ್ಲಾಕ್ ಕೆತ್ತಿ, ಇಂಕ್ ಹಚ್ಚಿ ಕಾಗದಕ್ಕೆ ಒತ್ತುವ ಚಿತ್ರ) ಮಾಡುತ್ತಿದ್ದೇನೆ. ಒಂದೇ ಬ್ಲಾಕ್, ನಾಲ್ಕು ಬಣ್ಣ. ಒಂದು ಬಣ್ಣ ಒತ್ತಿ, ಅದೇ ಬ್ಲಾಕನ್ನು ಇನ್ನಷ್ಟು ಕೆತ್ತಿ, ಮುಂದಿನ ಬಣ್ಣ ಒತ್ತುವ ರಿಡಕ್ಷನ್ ವಿಧಾನ. ಕೆತ್ತಿದ್ದು ಹೋಯಿತು ಅಂದರೆ ಹೋಯಿತು, ಹಾಳೆ ಹಾಳಾದರೆ ಮತ್ತೆ ಮೊದಲಿಂದ ಒತ್ತಲು ಆಗುವುದಿಲ್ಲ, ಅದಕ್ಕೇ ಇಷ್ಟು ಗಾಬರಿ. ಬ್ಲಾಕ್ 40 ಸೆಂ.ಮೀ. ಅಗಲ, 28 ಸೆಂ.ಮೀ. ಎತ್ತರ. ಎಣ್ಣೆ ಇಂಕ್. ಪ್ರೆಸ್ ಇಲ್ಲ, ಚಮಚದ ಬೆನ್ನಿನಿಂದ ಉಜ್ಜುತ್ತೇನೆ.

ಏಪ್ರಿಲ್‌ನಲ್ಲಿ 15 ಹಾಳೆಗಳಿಗೆ ಎರಡು ಬಣ್ಣ ಮುಗಿಸಿದೆ. ಮೊದಲು ಮಂಜಿನ ಬೂದು, ಆಮೇಲೆ ತೆಳು ಹಳದಿ ಹಸಿರು. ಮೂರನೆಯದು ನೀರಿನ ಬಣ್ಣ. ಅದನ್ನು ನೆನಪಿನಿಂದ ಹಾಕಲು ಮನಸ್ಸು ಬರಲಿಲ್ಲ. ಮಳೆಗಾಲದ ತುಂಗೆ ನೀಲಿ ಅಲ್ಲ, ಕೆಂಪು ಮಣ್ಣು ಕಲಸಿದ ಹಾಗೆ ಬರುತ್ತಾಳೆ. ಶೃಂಗೇರಿ ಕಡೆ ಮಳೆ ಜೋರಾದರೆ ನಮ್ಮಲ್ಲಿ ನೀರು ಏರುತ್ತದೆ, ಆಗ ಊರಲ್ಲಿ ಯಾರು ಸಿಕ್ಕಿದರೂ ಕೇಳುವುದು ಒಂದೇ, ಹೊಳೆಯಲ್ಲಿರುವ ರಾಮಮಂಟಪ ಮುಳುಗಿತಾ ಅಂತ. ಮಂಟಪ ಅರ್ಧ ಮುಳುಗಿದ ಆ ಹೊತ್ತೇ ನನ್ನ ಚಿತ್ರ. ಹಾಗಾಗಿ ಜುಲೈವರೆಗೆ ಕಾದೆ, ಕೊಡೆ ಹಿಡಿದು ದಡದಲ್ಲಿ ನಿಂತು ಬರ್ನ್ಟ್ ಸಿಯೆನ್ನಾ, ಯೆಲ್ಲೊ ಓಕರ್, ಸ್ವಲ್ಪ ಬಿಳಿ ಕಲಸಿ ಬಣ್ಣ ಹೊಂದಿಸಿಕೊಂಡು ಬಂದೆ.

ನಿನ್ನೆ ಮೂರು ಹಾಳೆ ಒತ್ತಿದೆ. ಇಂಕ್ ಕೆಲವು ಕಡೆ ಕಾಗದಕ್ಕೆ ಹಿಡಿಯುತ್ತಲೇ ಇಲ್ಲ, ಎಣ್ಣೆ ಸವರಿದ ತಟ್ಟೆ ಮೇಲೆ ನೀರು ಬಿದ್ದ ಹಾಗೆ ಹನಿ ಹನಿಯಾಗಿ ಕೂರುತ್ತದೆ. ಜೊತೆಗೆ ಮಂಟಪದ ಕಂಬದ ಪಕ್ಕದಲ್ಲಿ ಹಸಿರು ಗೆರೆಯೊಂದು ಇಣುಕುತ್ತಿದೆ. ಜಿಗ್‌ನ (ಪ್ರತಿ ಬಣ್ಣಕ್ಕೂ ಹಾಳೆ ಒಂದೇ ಜಾಗದಲ್ಲಿ ಕೂರಲು ಇಟ್ಟುಕೊಂಡ ಚೌಕಟ್ಟು) ಮೂಲೆಗೆ ಹಾಳೆಯನ್ನು ಸರಿಯಾಗಿಯೇ ಕೂರಿಸುತ್ತಿದ್ದೇನೆ, ಹತ್ತು ಸಲ ನೋಡಿದೆ. ಉಳಿದಿರುವುದು 12 ಹಾಳೆ. ಮುಂದೆ ಮುಟ್ಟಲು ಭಯ ಆಗ್ತಿದೆ.

ಕಪ್ಪು_ರೋಲರ್:
ಹಾಳೆ ಒದ್ದೆ ಇರಬೇಕು. ಹೇರ್ ಡ್ರೈಯರ್ ಹಿಡಿದು ಒಣಗಿಸಿ ಒತ್ತಿ ನೋಡಿ.

ಹಳೇ_ಪ್ರೆಸ್:
ಹೇರ್ ಡ್ರೈಯರ್ ಬೇಡ ಮಾರಾಯ್ರೆ. ಬಿಸಿ ಗಾಳಿ ಬಿದ್ದ ಜಾಗ ಮಾತ್ರ ಕುಗ್ಗಿ ಹಾಳೆ ಸುರುಳಿ ಸುತ್ತುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಉಬ್ಬುತ್ತದೆ.

ಮೇಡಂ, ಮೂರು ವಿಷಯ ಹೇಳಿ. ಬಣ್ಣ ಜರುಗಿರುವುದು ಎಲ್ಲ ಕಡೆ ಒಂದೇ ಅಳತೆಯಲ್ಲಾ, ಇಲ್ಲ ಮೂಲೆಯಿಂದ ದೂರ ಹೋದ ಹಾಗೆ ಜಾಸ್ತಿ ಆಗುತ್ತಾ? ಹಾಳೆಯ ಮೇಲಿರುವ ಮೊದಲ ಬಣ್ಣವನ್ನು ಅಂಚಿನಿಂದ ಅಂಚಿಗೆ ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ, ಬ್ಲಾಕನ್ನೂ ಅಳೆಯಿರಿ, ಎರಡೂ ಎಷ್ಟು ಬಂತು? ಎರಡನೇ ಬಣ್ಣಕ್ಕೆ ಡ್ರೈಯರ್, ಅಂದರೆ ಇಂಕ್ ಬೇಗ ಒಣಗಲು ಬೆರೆಸುವ ದ್ರವ, ಹಾಕಿದ್ದಿರಾ?

ತುಂಗೆಯ_ದಡ:
ಅಳೆದೆ ಸರ್. ಮೂಲೆಯ ಹತ್ತಿರ ಕರಾರುವಾಕ್ಕಾಗಿ ಕೂತಿದೆ, ಆ ಕಡೆ ತುದಿಯಲ್ಲಿ 2 ಮಿ.ಮೀ. ವ್ಯತ್ಯಾಸ. ಬ್ಲಾಕ್ ಸರಿಯಾಗಿ 40 ಇದೆ, ಹಾಳೆಯ ಮೇಲಿನ ಚಿತ್ರ 40.2! ಎತ್ತರದಲ್ಲಿ ಮಾತ್ರ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸ ಇಲ್ಲ.

ಡ್ರೈಯರ್ ಹೌದು. ಮೊದಲ ಬಣ್ಣ ಒಣಗಲು ನಾಲ್ಕು ದಿನ ತೆಗೆದುಕೊಂಡಿತ್ತು, ಅದಕ್ಕೆ ಎರಡನೆಯದಕ್ಕೆ ಕೋಬಾಲ್ಟ್ ಡ್ರೈಯರ್ ಹಾಕಿದೆ. ನೆಲ್ಲಿಕಾಯಿ ಗಾತ್ರದ ಇಂಕಿಗೆ ಎಂಟು ಹತ್ತು ಹನಿ ಇರಬಹುದು.

ಹಳೇ_ಪ್ರೆಸ್:
ಹಾಗಾದರೆ ನಿಮ್ಮ ಕೈ ತಪ್ಪಿಲ್ಲ, ಜಿಗ್ ಕೂಡ ಸರಿ ಇದೆ. ಜಿಗ್ ತಪ್ಪಿದ್ದರೆ ಎಲ್ಲ ಕಡೆ ಒಂದೇ ಸಮ ಜರುಗುತ್ತಿತ್ತು. ಇಲ್ಲಿ ಕಾಗದವೇ ಬೆಳೆದಿದೆ. ಏಪ್ರಿಲ್‌ನ ಒಣ ಹವೆಯಲ್ಲಿ ಒತ್ತಿದ ಹಾಳೆ ಜುಲೈನ ಮಲೆನಾಡಿನ ತೇವ ಕುಡಿದು ಉಬ್ಬಿದೆ. ಮಿಲ್ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ತೇವ ಸಿಕ್ಕಾಗ ನಾರು ದಪ್ಪ ಆಗುತ್ತದೆ, ಉದ್ದ ಅಷ್ಟಾಗಿ ಆಗುವುದಿಲ್ಲ, ಅದಕ್ಕೇ ಹಾಳೆ ಒಂದು ದಿಕ್ಕಿಗೆ ಮಾತ್ರ ಜಾಸ್ತಿ ಹಿಗ್ಗುತ್ತದೆ. ನಿಮ್ಮ ಹಾಳೆಯ ನಾರು ಎತ್ತರದ ದಿಕ್ಕಿಗಿದೆ, ಹಾಗಾಗಿ ಅಗಲದಲ್ಲಿ ಹಿಗ್ಗಿದೆ. 40 ಸೆಂ.ಮೀ.ಗೆ 2 ಮಿ.ಮೀ. ಅಂದರೆ ನೂರಕ್ಕೆ ಅರ್ಧ ಭಾಗ, ಇದೇನೂ ವಿಚಿತ್ರ ಅಲ್ಲ.

ಹಾಳೆಯನ್ನು ಏಪ್ರಿಲ್‌ಗೆ ವಾಪಸ್ ತರಬೇಕು, ಅಷ್ಟೇ ಕೆಲಸ. ಗಾಳಿ ಆಡದ ದೊಡ್ಡ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ತಳದಲ್ಲಿ ಬಟ್ಟೆ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಇಡಿ, ಅದರ ಮೇಲೆ ಜಾಳಿಗೆ, ಅದರ ಮೇಲೆ ಹಾಳೆಗಳು, ಹಾಳೆ ಹಾಳೆ ನಡುವೆ ಗಾಳಿ ಹೋಗಲು ಸ್ವಲ್ಪ ಜಾಗ. ಎರಡು ಮೂರು ದಿನ ಬಿಟ್ಟು ಅಳೆಯಿರಿ. 40ಕ್ಕೆ ಬಂದ ದಿನ ಒತ್ತಿ, 40ಕ್ಕಿಂತ ಕಡಿಮೆ ಆದರೆ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಇಡಿ. ಒಂದು ಸಲಕ್ಕೆ ಒಂದೇ ಹಾಳೆ ಹೊರಗೆ ತೆಗೆಯಬೇಕು, ಅದಕ್ಕಿಂತ ಮೊದಲು ಬ್ಲಾಕಿಗೆ ಇಂಕ್ ಹಚ್ಚಿ ತಯಾರಿರಬೇಕು. ನೀಲಿ ಜೆಲ್ ಆದರೆ ತೇವ ತುಂಬಿದಾಗ ಗುಲಾಬಿ ಆಗುತ್ತದೆ, ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆಯ ಬಾಣಲೆ ಮಾತ್ರ ಬಳಸಬೇಡಿ, ಆ ನೀಲಿ ಬಣ್ಣಕ್ಕೆ ಹಾಕುವ ಕೋಬಾಲ್ಟ್ ಉಪ್ಪು ವಿಷ. ಒಲೆ ಮೇಲಿನ ಅಟ್ಟದಲ್ಲೂ ಹಾಳೆ ಇಡಬೇಡಿ, ಬೆಚ್ಚಗಿರುತ್ತದೆ ನಿಜ, ಮಸಿ ಹಿಡಿಯುತ್ತದೆ.

ಪೂರ್ತಿ 40ಕ್ಕೆ ಬರದಿದ್ದರೆ, ಮೂಲೆಗೆ ಒಂದು ಸಣ್ಣ ಕಾಗದದ ಪಟ್ಟಿ ಅಂಟಿಸಿ ತಪ್ಪನ್ನು ಎರಡೂ ಕಡೆಗೆ ಅರ್ಧ ಅರ್ಧ ಹಂಚಿ. ಮಂಟಪ ನಡುವೆ ಇದ್ದರೆ ಅದು ಸರಿಯಾಗಿ ಕೂರುತ್ತದೆ, ಅಂಚಿನ ಮರಗಳಲ್ಲಿ ಚೂರುಪಾರು ಇದ್ದರೆ ಕಣ್ಣಿಗೆ ಬೀಳುವುದಿಲ್ಲ.

ಇಂಕ್ ಹಿಡಿಯದಿರಲು ಕಾರಣ ಡ್ರೈಯರ್. ಎಣ್ಣೆ ಇಂಕ್ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿ ಆಗುವುದು, ಕೋಬಾಲ್ಟ್ ಆ ಕೆಲಸವನ್ನು ಮೇಲಿನಿಂದ ಅವಸರಪಡಿಸುತ್ತದೆ. ಅಷ್ಟು ಸ್ವಲ್ಪ ಇಂಕಿಗೆ ಒಂದೆರಡು ಹನಿ ಸಾಕಿತ್ತು. ಜಾಸ್ತಿ ಹಾಕಿ ಎರಡು ತಿಂಗಳಿಗೂ ಹೆಚ್ಚು ಬಿಟ್ಟಿದ್ದಕ್ಕೆ ಮೇಲೆ ಗಾಜಿನಂಥ ಪದರ ಕಟ್ಟಿದೆ, ಹೊಸ ಇಂಕಿಗೆ ಹಿಡಿತ ಸಿಗುತ್ತಿಲ್ಲ. ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ ಅಥವಾ ವಾಸನೆ ಇಲ್ಲದ ಟಾಲ್ಕ್ ಅನ್ನು ಹತ್ತಿಯಲ್ಲಿ ತೆಗೆದುಕೊಂಡು ಹಗುರವಾಗಿ ಉಜ್ಜಿ, ಹೊಳಪು ಸತ್ತ ಮೇಲೆ ಬ್ರಷ್‌ನಿಂದ ಪುಡಿ ಪೂರ್ತಿ ಒರೆಸಿ. ಹೊಸ ಇಂಕಿಗೆ ಒಂದೆರಡು ಹನಿ ಅಗಸೆ ಎಣ್ಣೆ ಹಾಕಿ ಅಂಟು ಕಡಿಮೆ ಮಾಡಿ. ಮೊದಲು ಹಾಳಾದ ಮೂರರಲ್ಲೇ ಒಂದರ ಮೇಲೆ ಪ್ರಯೋಗ ಮಾಡಿ.

ಕೂಡ್ಲಿ_ಮರಗೆತ್ತನೆ:
ನಮ್ಮದು ಕೂಡ್ಲಿ ಹತ್ತಿರ, ತುಂಗೆ ಭದ್ರೆಯನ್ನು ಸೇರುವ ಜಾಗ. ನಿಮ್ಮ ಪೋಸ್ಟ್ ಓದಿ ತುಂಬಾ ಖುಷಿ ಆಯ್ತು. ನಾಲ್ಕನೇ ಬಣ್ಣಕ್ಕೆ ಕೆತ್ತುವ ಮುಂಚೆ ಒಂದು ಮಾತು. ನೆರೆ ನೀರಿಗೆ ಸಮುದ್ರದ ಅಲೆ ಕೆತ್ತಬೇಡಿ. ನೆರೆ ಬಂದಾಗ ಹೊಳೆ ಮೇಲ್ನೋಟಕ್ಕೆ ಚಪ್ಪಟೆ ಇರುತ್ತದೆ, ಆದರೆ ಕಲ್ಲಿನ ಕಂಬಕ್ಕೆ ತಾಗಿದ ನೀರು ಎರಡಾಗಿ ಸೀಳಿ ಕೆಳಗೆ ಉದ್ದಕ್ಕೆ ಬಾಲ ಬಿಡುತ್ತದೆ. ಆ ಬಾಲದ ನಾಲ್ಕು ಗೆರೆ ಸಾಕು, ನೀರು ಎಷ್ಟು ಜೋರಿದೆ ಅಂತ ನೋಡಿದವರಿಗೆ ಗೊತ್ತಾಗುತ್ತದೆ. ಉಳಿ ಕೂಡ ಹರಿವಿನ ದಿಕ್ಕಿಗೇ ಓಡಲಿ.

ತುಂಗೆಯ_ದಡ:
ಐದು ದಿನದ ಮೇಲೆ ಬರೆಯುತ್ತಿದ್ದೇನೆ. ಡಬ್ಬದಲ್ಲಿ ಮೂರನೇ ದಿನಕ್ಕೆ ಚಿತ್ರ 40.05ಕ್ಕೆ ಬಂತು, ಆಮೇಲೆ ಇಳಿಯಲಿಲ್ಲ, ಒತ್ತಿಬಿಟ್ಟೆ. ಟಾಲ್ಕ್ ಉಜ್ಜಿದ ಹಾಳೆಗಳಲ್ಲಿ ಇಂಕ್ ಒಂದೇ ಸಮ ಹಿಡಿದಿದೆ. ಮೊದಲ ಎರಡರಲ್ಲಿ ಪುಡಿ ಸರಿಯಾಗಿ ಒರೆಸದೆ ಬಿಳಿ ಚುಕ್ಕೆ ಉಳಿಯಿತು, ಉಳಿದ ಹತ್ತೂ ಚೆನ್ನಾಗಿ ಬಂದಿವೆ. ಕಂಬದ ಪಕ್ಕದ ಹಸಿರು ಗೆರೆ ಇಲ್ಲ. ದಡದಲ್ಲಿ ಕಲಸಿದ ಬಣ್ಣದ ಚೂರನ್ನು ಪಕ್ಕದಲ್ಲಿ ಹಿಡಿದು ನೋಡಿದೆ ಸರ್, ಅದೇ ಕೆಂಪು. ಅಮ್ಮ ನೋಡಿ "ಇದು ಪುಷ್ಯ ಮಳೆ ನೀರು" ಅಂದರು.

ಕೂಡ್ಲಿಯವರೇ, ನಾನು ಅಲೆಯನ್ನೇ ಗುರುತು ಹಾಕಿಟ್ಟಿದ್ದೆ. ಅಳಿಸಿದೆ. ಮಳೆ ಸ್ವಲ್ಪ ಬಿಟ್ಟಿದೆ, ಕಂಬದ ಹಿಂದಿನ ಬಾಲ ನೋಡಲು ಈಗ ಹೊಳೆಗೆ ಹೊರಟಿದ್ದೇನೆ. ಹಾಳೆಗಳೆಲ್ಲ ಒಣಗಿದ ಮೇಲೆ ಡಬ್ಬದಲ್ಲೇ ಇರುತ್ತವೆ, ಈ ಸಲ ಡ್ರೈಯರ್ ಒಂದೇ ಹನಿ ಹಾಕಿದ್ದೇನೆ.

ಹಳೇ_ಪ್ರೆಸ್:
ಒಂದು ಹನಿ ಸರಿ. ಆದರೆ ಡಬ್ಬಕ್ಕೆ ಹಾಕಲು ಅವಸರ ಮಾಡಬೇಡಿ, ಮುಚ್ಚಿದರೆ ಇಂಕಿಗೆ ಗಾಳಿ ಸಿಗುವುದಿಲ್ಲ. ಫ್ಯಾನ್ ಇರುವ ಕೋಣೆಯಲ್ಲಿ ಹಗ್ಗಕ್ಕೆ ತೂಗಿಹಾಕಿ, ಬೆರಳಿಗೆ ಅಂಟದ ಮೇಲೆ ಡಬ್ಬ. ನಾಲ್ಕನೆಯದನ್ನು ಒತ್ತುವ ಮುಂಚೆ ಮತ್ತೆ ಅಳೆಯಿರಿ.