ಪದಚರ್ಚೆ: ‘ಮಾನಿಟರಿಂಗ್’ ಎಂಬುದಕ್ಕೆ ನಿಗಾ ಸಾಕೆ, ಕಾವಲು ಬೇಕೆ?

ಮಾನ್ಯರೆ,

ಉಬ್ಬರವಿಳಿತದ ಸೆಳೆತದಿಂದ ವಿದ್ಯುತ್ ತೆಗೆಯುವ ಟರ್ಬೈನುಗಳು ಕಡಲ ಸಸ್ತನಿಗಳ ಮೇಲೆ ಬೀರುವ ಪರಿಣಾಮದ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಒಂದು ವಾರದಿಂದ ‘ಮಾನಿಟರಿಂಗ್’ ಎಂಬ ಪದದ ಬಳಿ ನಿಂತುಬಿಟ್ಟಿದ್ದೇನೆ. ಸರ್ಕಾರಿ ಕಡತಗಳಲ್ಲಿ ಅದು ‘ಮೇಲ್ವಿಚಾರಣೆ’. ಆದರೆ ಮೇಲ್ವಿಚಾರಣೆ ಎಂದರೆ ಮೇಲಿನವರ ಮಾತನ್ನು ಕೆಳಗಿನವರು ಕೇಳಬೇಕು, ಸೀಲ್ ಎಂಬ ಕಡಲ ಪ್ರಾಣಿಗಳು ಯಾರ ಮಾತನ್ನೂ ಕೇಳುವುದಿಲ್ಲ. (‘ನೀರುನಾಯಿ’ ಎಂದು ಬರೆಯಲು ಮನಸ್ಸಾಗಲಿಲ್ಲ. ಆ ಹೆಸರು ನಮ್ಮ ತುಂಗಭದ್ರೆಯಲ್ಲಿರುವ ಬೇರೊಂದು ಪ್ರಾಣಿಗೆ ಸಂದಿದೆ.)

ತೊಡಕು ಎಲ್ಲಿದೆ ಎಂಬುದು ಉತ್ತರ ಐರ್ಲೆಂಡಿನ ಸೀಜೆನ್ ಟರ್ಬೈನಿನ ವಿಷಯವನ್ನು ಬರೆಯುವಾಗ ತಿಳಿಯಿತು. ಕಡಲು ನೆಲದೊಳಕ್ಕೆ ಚಾಚಿಕೊಂಡಿರುವ ಸ್ಟ್ರ್ಯಾಂಗ್‌ಫರ್ಡ್ ಲಾಖ್‌ನ ಇಕ್ಕಟ್ಟಾದ ಬಾಯಲ್ಲಿ, ತಲಾ 16 ಮೀಟರ್ ವ್ಯಾಸದ ಎರಡು ಚಕ್ರಗಳುಳ್ಳ ಈ 1.2 ಮೆಗಾವ್ಯಾಟ್ ಯಂತ್ರವನ್ನು 2008ರಲ್ಲಿ ನಿಲ್ಲಿಸಿದರು. ಅಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆದವು. ನೀರೊಳಗಿನದನ್ನು ಶಬ್ದದ ಪ್ರತಿಧ್ವನಿಯಿಂದ ತೋರಿಸುವ ಸೋನಾರ್ ಪರದೆಯ ಮುಂದೆ ಕುಳಿತವರು, ಸೀಲ್‌ನಂಥ ಪ್ರಾಣಿ ಗೊತ್ತುಪಡಿಸಿದ ಅಂತರದೊಳಗೆ ಬಂದದ್ದು ಕಂಡೊಡನೆ ಯಂತ್ರವನ್ನು ನಿಲ್ಲಿಸುತ್ತಿದ್ದರು. ಇನ್ನೊಂದೆಡೆ, ಸಂಶೋಧಕರು ಸೀಲ್‌ಗಳನ್ನು ಹಿಡಿದು, ಕತ್ತಿನ ಹಿಂಭಾಗದ ತುಪ್ಪಟಕ್ಕೆ ಜಾಡು ತಿಳಿಸುವ ಸಣ್ಣ ಉಪಕರಣವನ್ನು ಅಂಟಿಸಿ ಬಿಟ್ಟರು. ವರ್ಷಕ್ಕೊಮ್ಮೆ ತುಪ್ಪಟ ಉದುರುವಾಗ ಅದೂ ಕಳಚಿ ಬೀಳುತ್ತದೆ. ಯಂತ್ರ ತಿರುಗುವಾಗ ಸೀಲ್‌ಗಳು ಆ ದಾರಿಯಲ್ಲಿ ಹಾದುಹೋಗುವುದು ಸುಮಾರು ಶೇ. 20ರಷ್ಟು ಕಡಿಮೆಯಾಗಿತ್ತು ಎಂದು ತಿಳಿದದ್ದು ಈ ಜಾಡುಗಳಿಂದಲೇ.

ಇಂಗ್ಲಿಷಿನಲ್ಲಿ ಇವೆರಡೂ ‘ಮಾನಿಟರಿಂಗ್’. ನನ್ನ ಕಿವಿಗೆ ಮೊದಲನೆಯದು ‘ಕಾವಲು’, ಎರಡನೆಯದು ‘ನಿಗಾ’. ಹೊಲ ಕಾಯುವವನು ದನ ಬಂದರೆ ಎದ್ದು ಅಟ್ಟುತ್ತಾನೆ. ರೋಗಿಯ ಮೇಲೆ ನಿಗಾ ಇಟ್ಟವರು ಗಂಟೆಗೊಮ್ಮೆ ಜ್ವರ ನೋಡಿ ಬರೆದಿಡುತ್ತಾರೆ. ಇದು ಬರಿಯ ಪದಗಳ ಗೀಳಲ್ಲ: ಕಾವಲಿನವರು ಪ್ರತಿ ಸಲವೂ ಯಂತ್ರವನ್ನು ನಿಲ್ಲಿಸಿದ್ದರಿಂದ, ತಿರುಗುವ ರೆಕ್ಕೆಯ ತೀರ ಹತ್ತಿರಕ್ಕೆ ಬಂದ ಸೀಲ್ ಏನು ಮಾಡುತ್ತದೆ, ತಾನೇ ಸರಿದುಕೊಳ್ಳುತ್ತದೆಯೆ ಎಂಬುದನ್ನು ನಿಗಾ ಇಟ್ಟವರು ಅಲ್ಲಿ ಕಾಣಲಾಗಲಿಲ್ಲ. ಕಾವಲು ನಿಗಾಕ್ಕೆ ಅಡ್ಡಬಂದಿತು ಎಂಬ ಈ ವಾಕ್ಯವನ್ನು ಎರಡಕ್ಕೂ ಒಂದೇ ಪದ ಇಟ್ಟುಕೊಂಡು ಬರೆಯುವುದು ಹೇಗೆ?

‘ಕಣ್ಗಾವಲು’ ಎಂದು ಮಿತ್ರರೊಬ್ಬರು ಸೂಚಿಸಿದರು. ಅದರಲ್ಲಿ ಕಳ್ಳನನ್ನು ಹಿಡಿಯುವ ಧ್ವನಿಯಿದೆ. ಅದಿರಲಿ, ಸ್ಕಾಟ್ಲೆಂಡಿನ ಪೆಂಟ್‌ಲೆಂಡ್ ಜಲಸಂಧಿಯ ಮೇಜೆನ್ ಟರ್ಬೈನಿನ ಬುಡದಲ್ಲಿ ಇರಿಸಿದ್ದು ಕಣ್ಣನ್ನಲ್ಲ, ನೀರಿನಲ್ಲಿ ಶಬ್ದ ಹಿಡಿಯುವ ಹೈಡ್ರೋಫೋನುಗಳನ್ನು. ಡಾಲ್ಫಿನ್‌ನ ಹತ್ತಿರದ ಬಂಧುವಾದ ಪಾರ್ಪಸ್ ಸುಮಾರು 130 ಕಿಲೋಹರ್ಟ್ಸ್‌ನಲ್ಲಿ ಹೊರಡಿಸುವ ಟಿಕ್‌ಟಿಕ್ ಸದ್ದು, 20 ಕಿಲೋಹರ್ಟ್ಸ್‌ಗೇ ನಿಂತುಹೋಗುವ ನಮ್ಮ ಕಿವಿಗೆ ಕೇಳದು. ಅದನ್ನು ಹಿಡಿದೇ ಪ್ರಾಣಿ ಎಲ್ಲಿ ಈಜುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ಇದನ್ನು ‘ಕಿವಿಗಾವಲು’ ಎಂದರೆ ಸಂಪಾದಕರು ನಗಬಹುದು.

ಆದ್ದರಿಂದ ನನ್ನ ಪ್ರಶ್ನೆಗಳು ಎರಡು. ‘ಕಾವಲು’, ‘ನಿಗಾ’ ಎಂದು ಹೀಗೆ ಬೇರ್ಪಡಿಸಿದರೆ ಓದುಗರಿಗೆ ಸಹಜವಾಗಿ ಕೇಳಿಸೀತೆ? ಹಾಗೆಯೇ, ‘ನಿಗಾ’ಕ್ಕೆ ‘ನಿಗಾ ಇಡು’ ಎಂಬುದಲ್ಲದೆ, ನಿಗಾದ ಅವಧಿ, ನಿಗಾದ ವರದಿ ಎಂಬಂಥ ಪ್ರಯೋಗಗಳನ್ನು ಯಾರಾದರೂ ಬರಹದಲ್ಲಿ ಕಂಡಿದ್ದೀರಾ? ಕಂಡಿದ್ದರೆ ವಾಕ್ಯಸಮೇತ ತಿಳಿಸಬೇಕಾಗಿ ಕೋರುತ್ತೇನೆ.