ಮೊದಲ ಫ್ಲೈ ರಾಡ್: 5 ವೇಟಾ, 8 ವೇಟಾ? ಅನುಭವ ಇದ್ದವರು ಹೇಳಿ

ಎಡಚ ಗಾಳ
ಬೆಂಗಳೂರಿನಲ್ಲಿದ್ದೇನೆ. ಹತ್ತು ವರ್ಷದಿಂದ ಸ್ಪಿನ್ನಿಂಗ್ ರಾಡಿನಲ್ಲಿ ಮೀನು ಹಿಡಿಯುತ್ತಿದ್ದೇನೆ, ಈಗ ಫ್ಲೈ, ಅಂದರೆ ಗರಿ, ದಾರದಲ್ಲಿ ಕಟ್ಟಿದ ನಕಲಿ ಹುಳ ಎಸೆದು ಹಿಡಿಯುವ ಹುಚ್ಚು ಹಿಡಿದಿದೆ. ಅಕ್ಟೋಬರ್ ಮೊದಲ ವಾರ ಹಿಮಾಚಲದ ತೀರ್ಥನ್ ಕಣಿವೆಗೆ ಟ್ರೌಟ್‌ಗೆ ಹೊರಟಿದ್ದೇವೆ. ಆಮೇಲೆ ವರ್ಷಕ್ಕೆ ಒಂದೆರಡು ಸಲ ಕೊಡಗಿನಲ್ಲಿ ಪರ್ಮಿಟ್ ಮಾಡಿಸಿ ಮಹಶೀರ್. ವೇಟ್ ಅಂದರೆ ಲೈನಿನ ತೂಕದ ನಂಬರ್, ಟ್ರೌಟ್‌ನಂಥ ಸಣ್ಣ ಮೀನಿಗೆ 5, ಮಹಶೀರ್‌ನಂಥ ದೊಡ್ಡದಕ್ಕೆ 8 ಅಂತಾರೆ. ಎರಡಕ್ಕೂ ಒಂದೇ ರಾಡ್ ಸಾಕಾಗುತ್ತಾ? ರೀಲ್, ಲೈನ್ ಎಲ್ಲಾ ಸೇರಿ 15,000 ಇಟ್ಟಿದ್ದೇನೆ. ಇನ್ನೊಂದು, ನಾನು ಎಡಚ. ರೀಲಿನ ಹಿಡಿ ಯಾವ ಕಡೆ ಇರಬೇಕು?

ಜಯನಗರ 8 ವೇಟ್
15,000 ಅಂತ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾನೂ ಅಷ್ಟೇ ಅಂದುಕೊಂಡು ಇಳಿದವನು. ಲೆಕ್ಕ ಕೇಳಿ. 2021ರಲ್ಲಿ ಹೊರಗಿನಿಂದ ತರಿಸಿದ 9 ಅಡಿಯ ನಾಲ್ಕು ತುಂಡಿನ ರಾಡ್ 11,400. ಕೊರಿಯರ್ 3,200. ಸುಂಕ 6,150. ರೀಲ್ 7,000. ಬ್ಯಾಕಿಂಗ್ (ರೀಲಿನಲ್ಲಿ ಲೈನಿನ ಹಿಂದೆ ಸುತ್ತುವ ದಾರ) 900. ಲೈನ್ 5,800. ಲೀಡರ್, ಟಿಪೆಟ್ (ಲೈನಿನ ತುದಿಗೆ ಕಟ್ಟುವ ಸಣ್ಣ ದಾರ) 2,300. ಒಟ್ಟು 36,750. ಮನೆಯಲ್ಲಿ ಇವತ್ತಿಗೂ ಹನ್ನೆರಡು ಸಾವಿರ ಅಂತಲೇ ಗೊತ್ತು.

ರಾಡ್ ಬಂದ ಸಂಜೆ ಹಾಲ್‌ನಲ್ಲಿ ನಾಲ್ಕೂ ತುಂಡು ಜೋಡಿಸಿ ಎತ್ತಿ ನೋಡಿದೆ. ಮೇಲೆ ಫ್ಯಾನ್ ತಿರುಗುತ್ತಿತ್ತು. ಟಕ್ ಅಂತ ಒಂದೇ ಸದ್ದು. ಇನ್ನೂ ನೀರನ್ನೇ ನೋಡದ ರಾಡಿನ ತುದಿ ಸೋಫಾ ಹಿಂದೆ ಬಿದ್ದಿತ್ತು. ವಾರಂಟಿ ಇತ್ತು, ತುಂಡಿಗೆ ದುಡ್ಡಿಲ್ಲ. ಆದರೆ ಕಳಿಸಿ ತರಿಸುವ ಖರ್ಚು 4,600. ಎರಡೂವರೆ ತಿಂಗಳು ಕಾದೆ.

ಆಮೇಲೆ ಲೈನ್ ಕತೆ. ಡೀಟ್ ಅನ್ನೋ ರಾಸಾಯನಿಕ ಇರುವ ಸೊಳ್ಳೆ ಮುಲಾಮು ಕೈಗೆಲ್ಲಾ ಬಳಿದುಕೊಂಡು ದಿನವಿಡೀ ಲೈನ್ ಎಳೆದೆ. ಮೂರನೇ ಟ್ರಿಪ್ ಹೊತ್ತಿಗೆ ಮುಂದಿನ ಇಪ್ಪತ್ತು ಅಡಿ ಅಂಟಂಟಾಗಿ ಬಿರುಕು ಬಿಟ್ಟಿತು. ಪ್ಲಾಸ್ಟಿಕ್ ಕೋಟಿಂಗನ್ನು ಅದು ಕರಗಿಸುತ್ತೆ ಅಂತ ಆಮೇಲೆ ತಿಳಿಯಿತು. 5,800 ಹೊಳೆಗೆ ಹಾಕಿದ ಹಾಗಾಯಿತು.

ಮೊದಲ ಮಹಶೀರ್ ಸಿಕ್ಕಿದ್ದು ಹದಿನಾಲ್ಕನೇ ಟ್ರಿಪ್‌ನಲ್ಲಿ. ಮೂರು ಕಿಲೋ ಇರಬಹುದು. ಆ ಮೊದಲ ಓಟ ನೋಡಿದ ಮೇಲೆ ಹೇಳುತ್ತೇನೆ, 8 ವೇಟ್ ಬಿಟ್ಟು ಬೇರೆ ಯೋಚನೆ ಬೇಡ.

ಡೆನ್ವರ್ ಕನ್ನಡಿಗ
ತೀರ್ಥನ್ ಟ್ರೌಟ್‌ಗೆ 8 ವೇಟಾ? ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ನಾನು ಹಾಸನದ ಕಡೆಯವನು, ಒಂಬತ್ತು ವರ್ಷದಿಂದ ಅಮೆರಿಕದ ಸೌತ್ ಪ್ಲಾಟ್ ನದಿಯಲ್ಲಿ 5 ವೇಟ್ ಒಂದರಲ್ಲೇ ಆಡುತ್ತಿದ್ದೇನೆ. ಚೀಸ್‌ಮನ್ ಕಣಿವೆಯಲ್ಲಿ 22 ನಂಬರ್ ಮಿಡ್ಜ್ ಅನ್ನೋ ಪುಟಾಣಿ ಫ್ಲೈ, ತೀರಾ ಸಪೂರದ 6ಎಕ್ಸ್ ಟಿಪೆಟ್. ಅಲ್ಲಿನ ಮೀನು ನಮ್ಮ ನೆರಳಿಗೇ ಓಡುತ್ತೆ.

ರಾಡ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕಾಸ್ಟಿಂಗ್ ಬಗ್ಗೆ ಯಾರೂ ಬಾಯಿ ಬಿಡಲ್ಲ. ಮೊದಲ ಬೇಸಿಗೆ ನಾನು 31 ಫ್ಲೈ ಕಳೆದೆ. ಮೀನಿಗಲ್ಲ, ಗಾಳಿಗೆ. ಹಿಂದಕ್ಕೆ ಹೋದ ಲೈನ್ ನೆಟ್ಟಗಾಗುವ ಮೊದಲೇ ಮುಂದಕ್ಕೆ ಬೀಸುತ್ತಿದ್ದೆ. ಎತ್ತಿನ ಚಾಟಿ ಹೊಡೆದಂತೆ ಚಟೀರ್ ಅನ್ನೋದು, ತುದಿಯಲ್ಲಿ ಫ್ಲೈ ಇರುತ್ತಿರಲಿಲ್ಲ. ಒಂದೊಂದಕ್ಕೆ ಎರಡೂ ಮುಕ್ಕಾಲು ಡಾಲರ್. ರಾಡ್ ಗಡಿಯಾರದ ಮುಳ್ಳಿನ ಹಾಗೆ ಹತ್ತು ಗಂಟೆ, ಎರಡು ಗಂಟೆಯ ನಡುವೆಯೇ ಆಡಬೇಕು ಅಂತ ಎಲ್ಲರೂ ಅನ್ನುತ್ತಾರಲ್ಲ, ನಾನು ನಾಲ್ಕು ಗಂಟೆಯವರೆಗೂ ಹೋಗುತ್ತಿದ್ದೆ. ಪಾರ್ಕಿನಲ್ಲಿ ವಾಕ್ ಮಾಡುತ್ತಿದ್ದ ಅಜ್ಜ ಒಬ್ಬರು ನೋಡಲಾರದೆ ಬಂದು, ರಾಡಿನ ಬುಡವನ್ನು ನನ್ನ ತುಂಬು ತೋಳಿನ ಅಂಗಿಯ ಕಫ್ ಒಳಗೆ ಸಿಕ್ಕಿಸಿದರು. ಮಣಿಕಟ್ಟು ಬಗ್ಗುವ ಹಾಗೇ ಇಲ್ಲ. ಅರ್ಧ ಗಂಟೆಯಲ್ಲಿ ಗಾಳಿಯಲ್ಲಿ ಲೈನ್ ಬಾಗುವ ಲೂಪ್ ಬಿಗಿಯಾಯಿತು. ಅವರ ಮುಂದೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

5 ವೇಟ್. ಮುಗೀತು.

ವಾಲ್ನೂರು ಹೊಳೆ
ಡೆನ್ವರ್ ಸಾರ್, ನಿಮ್ಮ ಟ್ರೌಟ್ ಅಭ್ಯಾಸದಿಂದಲೇ ನಾನು ಜೀವನದ ದೊಡ್ಡ ಮಹಶೀರ್ ಕಳೆದುಕೊಂಡದ್ದು. ಮುನ್ನಾರಿನಲ್ಲಿ ಟ್ರೌಟ್ ಹಿಡಿದು ಕಲಿತವನು ನಾನು. ಮೀನು ಮುಟ್ಟಿದ ಕೂಡಲೇ ರಾಡ್ ಎತ್ತುವುದು ಕೈಗೆ ಅಂಟಿತ್ತು. ಮಾರ್ಚ್ ತಿಂಗಳು, ಬೆಳಿಗ್ಗೆ ಏಳು ಗಂಟೆ, ಬಂಡೆ ಪಕ್ಕದ ಸೆಳವು. ವೂಲಿ ಬಗರ್ ಅನ್ನೋ ಕಪ್ಪು ಫ್ಲೈ ಹಾಕಿದ್ದೆ. ನೀರಿನೊಳಗೆ ಮೊರದಷ್ಟು ಅಗಲದ ಬೆಳಕು ತಿರುಗಿತು. ನಾನು ರಾಡ್ ಎತ್ತಿದೆ. ಎತ್ತಬಾರದು! ರಾಡ್ ನೇರ ಮೀನಿನ ಕಡೆ ಇಟ್ಟು, ಎಡಗೈಯಲ್ಲಿ ಲೈನ್ ಎಳೆದು ಗಾಳ ಚುಚ್ಚಬೇಕು. ಅದರ ತುಟಿ ಚಕ್ಕಡಿಯ ಪಟ್ಟಿ ಇದ್ದ ಹಾಗೆ. ಎಂಟು ಸೆಕೆಂಡ್ ಇತ್ತೇನೋ. ಗಾಳ ವಾಪಸ್ ಬಂದಾಗ ಚಪ್ಪಟೆ ಆಗಿತ್ತು. ಗಂಟಲ ಹಲ್ಲಿನಲ್ಲಿ ಅಗಿದು ಕಳಿಸಿದೆ. ಆ ಗಾಳ ಇನ್ನೂ ನನ್ನ ಪರ್ಸಿನಲ್ಲಿದೆ.

ಜಯನಗರದವರು ಮೂರು ಕಿಲೋಗೆ ಇಷ್ಟು ಹೆಮ್ಮೆ ಪಡುವುದು ಬೇಡ. ರೆಕ್ಕೆ ಯಾವ ಬಣ್ಣ ಇತ್ತು ಹೇಳಿ ನೋಡುವಾ.

ಜಯನಗರ 8 ವೇಟ್
ನೀಲಿ. ಅದಕ್ಕೇನೀಗ?

ವಾಲ್ನೂರು ಹೊಳೆ
ಗೊತ್ತಿತ್ತು. ಅದು ಲೋನಾವಳಾದ ಹ್ಯಾಚರಿಯ ತಳಿ, ತಂದು ಬಿಟ್ಟದ್ದರ ಮರಿ ಮೊಮ್ಮಕ್ಕಳು. ಕಾವೇರಿಯ ಸ್ವಂತ ಮೀನಿಗೆ ಬೆನ್ನು ಗೂನು, ರೆಕ್ಕೆ ಕಿತ್ತಳೆ. ಮೈಸೂರಿನ ವಾನ್ ಇಂಗೆನ್ ಅನ್ನುವವರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದು ಹಿಡಿದದ್ದು ಅದನ್ನೇ. ಈಗ ಅದು ಅಳಿವಿನ ಅಂಚಿನಲ್ಲಿದೆ.

ಜಯನಗರ 8 ವೇಟ್
ಹಾಗಾದರೆ ನಿಮ್ಮ ಮೊರದಗಲದ ಮೀನಿನ ರೆಕ್ಕೆ ಯಾವ ಬಣ್ಣ ಸ್ವಾಮಿ? ದಡಕ್ಕೇ ಬರಲಿಲ್ಲವಲ್ಲ. ನಾನು ಹಿಡಿದೆ, ಫೋಟೋ ಇದೆ, ಬಿಟ್ಟೆ. ನೀವು ಪರ್ಸ್ ತೋರಿಸುತ್ತಾ ಓಡಾಡಿ.

ಹೊಸನಗರದ ಬಿದಿರುಕೋಲು
ನಲವತ್ತು ಸಾವಿರ ಕೊಟ್ಟು ಮೀನು ಹಿಡಿದು ಮತ್ತೆ ಹೊಳೆಗೇ ಬಿಡುವುದು. ಎಂತ ಮಾರಾಯ್ರೆ! ನಮ್ಮ ಅಜ್ಜ ಹಿತ್ತಿಲ ಬಿದಿರು ಕಡಿದು, ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲ ಪೂರ್ತಿ ಹೊಗೆಗಿಟ್ಟು ಕೋಲು ಮಾಡುತ್ತಿದ್ದರು. ಹನ್ನೆರಡು ಅಡಿ. ರೀಲ್ ಇಲ್ಲ, ಗೀಲ್ ಇಲ್ಲ. ತುದಿಗೆ ದಾರ, ಗಾಳ, ಎರೆಹುಳು. ಈಗ ಅದೇ ಅಳತೆಯದಕ್ಕೆ ಜಪಾನಿನ ಟೆಂಕಾರಾ ಅಂತ ಹೆಸರು, 9,000 ರೂಪಾಯಿ. ನಾನೂ ಒಂದು ತೆಗೆದುಕೊಂಡೆ, ಸುಳ್ಳು ಹೇಳಲ್ಲ. ಎರಡನೇ ದಿನ ತೋಟದ ಹಳ್ಳದಲ್ಲಿ ಅಡಿಕೆ ಸೋಗೆಗೆ ಸಿಕ್ಕಿಸಿ ಎಳೆದಾಗ ಮೂರನೇ ಗೆಣ್ಣು ಸೀಳಿತು. ಅಜ್ಜನ ಕೋಲು ಅಟ್ಟದಲ್ಲಿ ಇನ್ನೂ ಇದೆ. ಮೊದಲ ಮಳೆಗೆ ಹತ್ತುಮೀನು ಗದ್ದೆಗೆ ಏರುವಾಗ ಬನ್ನಿ, ನಿಮ್ಮ 5 ವೇಟ್, 8 ವೇಟ್ ಎರಡೂ ಮರೆತುಹೋಗುತ್ತೆ. ಸಾರಿಗೆ ವಾಟೆಹುಳಿ ನಾವೇ ಹಾಕುತ್ತೇವೆ.

ಡೆನ್ವರ್ ಕನ್ನಡಿಗ
ಮೊಟ್ಟೆ ಇಡಲು ಏರುವ ಮೀನನ್ನು ಹಿಡಿದು ತಿನ್ನುವುದನ್ನು ಹೆಮ್ಮೆಯಿಂದ ಹೇಳುತ್ತೀರಲ್ಲ. ನೀರು 20 ಡಿಗ್ರಿ ದಾಟಿದರೆ ಮೀನು ಸುಸ್ತಾಗಿ ಸಾಯುತ್ತೆ ಅಂತ ನಾವು ಟ್ರೌಟ್‌ಗೆ ಗಾಳವನ್ನೇ ಹಾಕಲ್ಲ.

ಹೊಸನಗರದ ಬಿದಿರುಕೋಲು
ಹಿಡಿದು, ಸುಸ್ತು ಮಾಡಿ, ಫೋಟೋ ತೆಗೆದು, ಬಿಟ್ಟು, ಉಪದೇಶ ಬೇರೆ. ಹೊಳೆಗೆ ತೋಟೆ (ಸಿಡಿಮದ್ದು) ಹಾಕುವವರನ್ನು ಕೇಳಿ ಈ ಪ್ರಶ್ನೆ. ನಾನು ನಾಲ್ಕು ಮೀನು ತಂದರೆ ಹೊಳೆ ಬತ್ತಲ್ಲ. ಅಂದ ಹಾಗೆ ಇಂಡಿಕೇಟರ್ ಕಟ್ಟಿ, ಮುಳುಗುವ ನಿಂಫ್ ಫ್ಲೈ ಬಿಡುತ್ತೀರಲ್ಲ, ನಮ್ಮಲ್ಲಿ ಅದಕ್ಕೆ ಬೆಂಡು ಅನ್ನುತ್ತಾರೆ. ಬೆಂಡು ಹಾಕಿ ಮೀನು ಹಿಡಿಯುವುದಕ್ಕೆ ಡೆನ್ವರ್‌ವರೆಗೆ ಹೋಗಬೇಕಿತ್ತಾ?

ಡೆನ್ವರ್ ಕನ್ನಡಿಗ
ನಾನು ನೀರ ಮೇಲೆ ತೇಲುವ ಡ್ರೈ ಫ್ಲೈಯನ್ನೇ ಜಾಸ್ತಿ ಹಾಕುವುದು.

ವಾಲ್ನೂರು ಹೊಳೆ
22 ನಂಬರ್ ಮಿಡ್ಜ್ ಅಂತ ಆಗ ಬರೆದಿರಿ. ಅದನ್ನು ಇಂಡಿಕೇಟರ್ ಇಲ್ಲದೆ ಹೊಳೆಯಲ್ಲಿ ಕಂಡುಹಿಡಿಯುತ್ತೀರಾ? ದೇವರ ಕಣ್ಣು ನಿಮಗೆ.

ಕುಡ್ಲದ ಗರಿ
ಫ್ಲೈ ಕೊಂಡುಕೊಳ್ಳುತ್ತಿದ್ದರೆ ದುಡ್ಡು ಮುಗಿಯದೆ ಇನ್ನೇನು? ಕಟ್ಟಲು ಕಲಿಯಿರಿ. ನಮ್ಮಲ್ಲಿ ಕೋಳಿ ಅಂಕದ ಹುಂಜದ ಕತ್ತಿನ ಗರಿ ಸುಮ್ನೆ ಸಿಗುತ್ತೆ. ನಾನು ನೂರಕ್ಕೆ ನೂರು ಊರಿನ ಗರಿಯಲ್ಲೇ ಕಟ್ಟುವುದು. ಮಹಶೀರ್‌ಗೆ ಅತ್ತಿಹಣ್ಣಿನ ಹಾಗೆ ಕೆಂಪು ಉಣ್ಣೆ ಉಂಡೆ ಕಟ್ಟಿದ್ದೇನೆ, ದಡದ ಮರದಿಂದ ಹಣ್ಣು ಬೀಳುವ ಜಾಗದಲ್ಲಿ ಟಪ್ ಅಂತ ಬೀಳಿಸಬೇಕು. ಎರಡು ಸಲ ಮುಟ್ಟಿದೆ.

ಜಯನಗರ 8 ವೇಟ್
ಮುಟ್ಟಿದೆ ಅಂದರೆ ಸಿಕ್ಕಿಲ್ಲ. ಹುಂಜದ ಗರಿ ನೀರೊಳಗೆ ಮುಳುಗುವ ವೆಟ್ ಫ್ಲೈಗೆ, ಸ್ಟ್ರೀಮರ್‌ಗೆ ಸರಿ. ಡ್ರೈ ಫ್ಲೈಗೆ ಅದು ಎರಡೇ ಎಸೆತಕ್ಕೆ ನೀರು ಕುಡಿದು ಮುಳುಗುತ್ತೆ. ತೀರ್ಥನ್‌ಗೆ ಬೇಕಾದದ್ದು ಹೊರಗಿನ ಹ್ಯಾಕಲ್ (ಫ್ಲೈಗೆ ಸುತ್ತುವ ಗರಿ). ಅರ್ಧ ಕೇಪ್‌ಗೆ (ಗರಿ ಸಮೇತ ಕತ್ತಿನ ಚರ್ಮ) ನಾನು ಕೊಟ್ಟದ್ದು 4,200.

ಕುಡ್ಲದ ಗರಿ
4,200 ಕೊಟ್ಟ ಮೇಲೆ ಅದು ಮುಳುಗಿದರೂ ತೇಲುತ್ತಿದೆ ಅಂತಲೇ ಕಾಣುವುದು. ನಮ್ಮ ಹುಂಜ ಕೆಟ್ಟದ್ದಲ್ಲ, ನೀವು ಮರಿ ಹುಂಜದ ಗರಿ ಕಿತ್ತಿರುತ್ತೀರಿ. ಎರಡು ವರ್ಷ ದಾಟಿದ್ದು ಬೇಕು.

ಎಡಚ ಗಾಳ
ಎಲ್ಲರಿಗೂ ಥ್ಯಾಂಕ್ಸ್. ಆದರೆ ರೀಲಿನ ಹಿಡಿ ಯಾವ ಕಡೆ ಅಂತ ಯಾರೂ ಹೇಳಲಿಲ್ಲ.

ವಾಲ್ನೂರು ಹೊಳೆ
ಎಡಗೈಯಲ್ಲಿ ರಾಡ್, ಬಲಗೈಯಲ್ಲಿ ಹಿಡಿ. ಕೊಳ್ಳುವಾಗ ಹೆಚ್ಚಿನವು ಎಡಗಡೆ ತಿರುಗಿಸಲು ಹೊಂದಿಸಿ ಬರುತ್ತವೆ. ಕವರ್ ತೆಗೆದು ಒಳಗಿನ ಬೇರಿಂಗ್ ತಿರುವಿ ಹಾಕಿ. ಬ್ಯಾಕಿಂಗ್ ಸುತ್ತುವ ಮೊದಲೇ ಮಾಡಿ. ನಾನು ಎಲ್ಲಾ ಸುತ್ತಿದ ಮೇಲೆ ನೋಡಿಕೊಂಡೆ, 100 ಗಜ ಬ್ಯಾಕಿಂಗ್ ಬಿಚ್ಚಿ ಇಡೀ ಜಗಲಿ ಜೇಡರ ಬಲೆ.

ಡೆನ್ವರ್ ಕನ್ನಡಿಗ
ತಪ್ಪು. ಜೋರಾದ ಕೈಯಲ್ಲಿ ಸುತ್ತಬೇಕು. ದೊಡ್ಡ ಮೀನಿಗೆ ಬ್ರಿಟಿಷರೆಲ್ಲ ರಾಡ್ ಕೈ ಬದಲಿಸಿಯೇ ಸುತ್ತುತ್ತಿದ್ದರು.

ವಾಲ್ನೂರು ಹೊಳೆ
ಕೈ ಬದಲಿಸುವ ಆ ಒಂದು ಕ್ಷಣ ಲೈನ್ ಸಡಿಲ ಬಿಟ್ಟರೆ ಮಹಶೀರ್ ಕಾಯುತ್ತಾ ಕೂರುತ್ತಾ ಸಾರ್?

ಕುಡ್ಲದ ಗರಿ
ಮೂರು ವರ್ಷದ ಹುಂಜ ಒಂದು ನಮ್ಮ ಮನೆಯಲ್ಲಿದೆ. ಜಯನಗರದವರು ವಿಳಾಸ ಕಳಿಸಿ, ಗರಿ ಪೋಸ್ಟ್ ಮಾಡುತ್ತೇನೆ. ತೇಲಿಸಿ ನೋಡಿ, ಆಮೇಲೆ ಮಾತಾಡುವಾ.